ಎಲ್ಲಿ ಸಿಕ್ಕಿತೆಂದು ಕೇಳದೆ ಕೊಳ್ಳಬೇಡಿ

ಎರಡು ಸಾವಿರ ವರ್ಷ ಹಳೆಯ ವಸ್ತುವೊಂದನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳಲು ಕೋಟ್ಯಧೀಶರೇ ಆಗಬೇಕಿಲ್ಲ. ಲಂಡನ್, ನ್ಯೂಯಾರ್ಕ್‌ಗಳ ಪ್ರಾಚ್ಯವಸ್ತು ಅಂಗಡಿಗಳಲ್ಲಿ, ಆನ್‌ಲೈನ್ ಹರಾಜುಗಳಲ್ಲಿ ರೋಮನ್ ಕಾಲದ ಸಣ್ಣ ಅತ್ತರಿನ ಕುಪ್ಪಿ ಹತ್ತಿಪ್ಪತ್ತು ಸಾವಿರ ರೂಪಾಯಿಗೂ ಸಿಗುತ್ತದೆ. ಜೆರುಸಲೇಮಿನ ಹಳೆಯ ಪೇಟೆಯಲ್ಲಿ ಅಂಥ ಗಾಜಿನ ಚೂರುಗಳನ್ನು ಬೆಳ್ಳಿಯಲ್ಲಿ ಕೂರಿಸಿದ ಪದಕಗಳು ಇನ್ನೂ ಅಗ್ಗ. ಮಂಗಳೂರು, ಬೆಂಗಳೂರು ಕಡೆಯಿಂದ ಪವಿತ್ರ ನಾಡಿನ ಯಾತ್ರೆಗೆ ಹೋಗುವವರ ಕಣ್ಣಿಗೂ ಇವು ಬೀಳುತ್ತವೆ. ಅಮೆರಿಕ, ಯುರೋಪುಗಳಲ್ಲಿ ನೆಲೆಸಿರುವ ಕನ್ನಡಿಗರಂತೂ ಮನೆಯಲ್ಲೇ ಕುಳಿತು ತರಿಸಿಕೊಳ್ಳಬಹುದು.

ಅಂಥ ಕುಪ್ಪಿಯೊಂದನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಅದರ ಮೋಹ ಏಕೆಂದು ಬಿಡಿಸಿ ಹೇಳಬೇಕಿಲ್ಲ. ಬೆರಳುದ್ದದ ಕತ್ತು, ಪುಟ್ಟ ಹೊಟ್ಟೆ, ತಿಳಿನೀಲಿ ಬೆರೆತ ಹಸಿರು ಬಣ್ಣ. ಗಾಜಿನೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಕತ್ತಿನ ಹತ್ತಿರ ಉದ್ದುದ್ದವಾಗಿರುತ್ತವೆ. ಕುಶಲಕರ್ಮಿ ಕಾದ ಗಾಜನ್ನು ಯಾವ ದಿಕ್ಕಿಗೆ ಎಳೆದ ಎಂಬುದನ್ನು ಅವೇ ಹೇಳುತ್ತವೆ. ಬಾಯಂಚನ್ನು ಒಳಕ್ಕೆ ಮಡಚಿ, ಮತ್ತೆ ಬೆಂಕಿಗೆ ಹಿಡಿದು ನಯ ಮಾಡಿದ್ದು ಬೆರಳಿಗೆ ತಾಕುತ್ತದೆ. ಕೆಲವು ಪಾತ್ರೆಗಳ ತಳದಲ್ಲಿ ಒರಟಾದ ಉಂಗುರದಂಥ ಗುರುತು ಇರುತ್ತದೆ, ಅಂಚು ತಿದ್ದುವಾಗ ಪಾತ್ರೆಯನ್ನು ಕಬ್ಬಿಣದ ಸಲಾಕೆಗೆ ಅಂಟಿಸಿ ಆಮೇಲೆ ತಟ್ಟಿ ಬಿಡಿಸಿದ ಜಾಗ ಅದು. ಇಷ್ಟರ ಮೇಲೆ ನೇರಳೆ, ಹೊನ್ನು, ಹಸಿರು ಬಣ್ಣಗಳು ಆಡುವ ತೆಳುವಾದ ಪೊರೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಲೂಯಿ ಕಂಫರ್ಟ್ ಟಿಫಾನಿ ತನ್ನ ಫಾವ್ರಿಲ್ ಗಾಜಿನಲ್ಲಿ ತರಲು ಹೆಣಗಿದ್ದು ಈ ಬಣ್ಣಗಳಾಟವನ್ನೇ.

ಈ ಪೊರೆ ರೋಮನ್ ಕುಶಲಕರ್ಮಿಯ ಕೈಕೆಲಸವಲ್ಲ. ಶತಮಾನಗಟ್ಟಲೆ ಮಣ್ಣಿನ ತೇವ ಗಾಜಿನಲ್ಲಿದ್ದ ಕ್ಷಾರವನ್ನು ಸ್ವಲ್ಪ ಸ್ವಲ್ಪವಾಗಿ ಹೀರಿ, ಮೇಲ್ಮೈಯನ್ನು ತೆಳು ಪದರಗಳಾಗಿ ಸೀಳಿದ್ದರಿಂದ ಬಂದದ್ದು. ಎಂದರೆ, ಕೊಳ್ಳುವವರನ್ನು ಮರುಳು ಮಾಡುವ ಆ ಬಣ್ಣವೇ ಪಾತ್ರೆ ಎಲ್ಲೋ ಒಂದು ಕಡೆ ಹೂತಿತ್ತು ಎಂಬುದಕ್ಕೆ ಸಾಕ್ಷಿ. ಎಲ್ಲಿ ಹೂತಿತ್ತು, ಯಾರು ಅಗೆದರು, ಪಕ್ಕದಲ್ಲಿ ಇನ್ನೇನಿತ್ತು? ಮಾರುಕಟ್ಟೆಯಲ್ಲಿರುವ ಬಹುಪಾಲು ರೋಮನ್ ಗಾಜಿಗೆ ಈ ಪ್ರಶ್ನೆಗಳ ಉತ್ತರವಿಲ್ಲ. ಉತ್ತರವಿಲ್ಲದ ಪಾತ್ರೆಯನ್ನು ಕೊಳ್ಳಬಾರದು ಎಂಬುದು ಈ ಲೇಖನದ ವಾದ. ಕೋಟಿ ಬೆಲೆಯ ಅಮೃತಶಿಲೆಯ ವಿಗ್ರಹಕ್ಕೆ ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಅಂಗೈಯಗಲದ ಕುಪ್ಪಿಯ ವಿಷಯ ಬಂದಾಗ ಸಡಿಲ ಬಿಡುತ್ತಾರೆ. ತೊಂದರೆ ಇರುವುದು ಅಲ್ಲೇ.

ಈ ಗಾಜು ಇಷ್ಟು ಅಗ್ಗ ಏಕೆ? ಅದು ಹುಟ್ಟಿದಾಗಲೇ ಅಗ್ಗವಾಗಿತ್ತು. ಕ್ರಿಸ್ತಪೂರ್ವ ಮೊದಲ ಶತಮಾನದವರೆಗೆ ಗಾಜಿನ ಪಾತ್ರೆ ಮಾಡುವುದು ನಿಧಾನದ, ದುಬಾರಿ ಕೆಲಸ. ಕರಗಿದ ಗಾಜನ್ನು ತಿರುಳಿನ ಸುತ್ತ ಸುತ್ತಬೇಕು, ಇಲ್ಲವೇ ಅಚ್ಚಿನ ಮೇಲೆ ಇಳಿಸಬೇಕು, ಉಜ್ಜಬೇಕು. ಆಮೇಲೆ ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ ಯಾರೋ ಕೊಳವೆಯ ತುದಿಯಲ್ಲಿ ಕಾದ ಗಾಜು ಹಿಡಿದು ಊದಿ ನೋಡಿದರು. ಅವರ ಹೆಸರು ಉಳಿದಿಲ್ಲ. ಆ ಪ್ರಯೋಗದ ಅತ್ಯಂತ ಹಳೆಯ ಕುರುಹು ಜೆರುಸಲೇಮಿನ ಯೆಹೂದಿ ಕೇರಿಯಲ್ಲಿ, ಪುರಾತತ್ವಜ್ಞ ನಹ್ಮಾನ್ ಅವಿಗಾದ್ ನಡೆಸಿದ ಉತ್ಖನನದಲ್ಲಿ ಸಿಕ್ಕಿತು. ಅದೊಂದು ಕಾರ್ಖಾನೆಯ ಕಸ. ಗಾಜಿನ ಕೊಳವೆಗಳು, ಅರೆಬರೆ ಊದಿದ ಬುರುಡೆಗಳು, ತುಂಡುಗಳು. ಕೊಳ್ಳುವವರು ಯಾರೂ ತಿರುಗಿ ನೋಡದ ಆ ಕಸದಿಂದಲೇ ಗಾಜಿನ ಚರಿತ್ರೆಯ ದೊಡ್ಡ ತಿರುವಿಗೆ ಕಾಲ ನಿಗದಿಯಾಯಿತು.

ಮುಂದಿನದೆಲ್ಲ ವೇಗವಾಗಿ ನಡೆಯಿತು. ಒಂದೆರಡು ತಲೆಮಾರು ಕಳೆಯುವುದರೊಳಗೆ ರೋಮಿನಲ್ಲಿ ಗಾಜಿನ ಬಟ್ಟಲೊಂದು ತಾಮ್ರದ ಕಾಸಿಗೆ ಸಿಗುತ್ತದೆಂದು ಭೂಗೋಳಜ್ಞ ಸ್ಟ್ರಾಬೋ ಬರೆದ. ಕುಶಲಕರ್ಮಿಗಳು ಹೆಸರು ಮಾಡಿದರು. 1ನೇ ಶತಮಾನದ ಎನಿಯೋನ್ ಎಂಬಾತ ಅಚ್ಚಿನೊಳಗೆ ಊದಿದ ತನ್ನ ಬಟ್ಟಲು, ಹೂಜಿಗಳ ಮೇಲೆ ಇದನ್ನು ಮಾಡಿದವನು ತಾನೆಂದು ಗ್ರೀಕ್ ಅಕ್ಷರಗಳಲ್ಲಿ ಮೂಡಿಸುತ್ತಿದ್ದ. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಹೊರಡಿಸಿದ ದರಪಟ್ಟಿಯಲ್ಲಿ ಗಾಜಿಗೂ ಜಾಗವಿದೆ: ಅಲೆಕ್ಸಾಂಡ್ರಿಯದ ಗಾಜು ಒಂದು ರೋಮನ್ ಪೌಂಡಿಗೆ 24 ದಿನಾರಿ, ಜುದೇಯದ ಹಸಿರುಛಾಯೆಯ ಗಾಜು 13. ಆ ಜುದೇಯದ ಗಾಜನ್ನು ಕರಗಿಸುತ್ತಿದ್ದಂಥ ಕುಲುಮೆಗಳು 2015ರಲ್ಲಿ ಹೈಫಾ ಬಳಿ, ಕಾರ್ಮೆಲ್ ಬೆಟ್ಟದ ಬುಡದಲ್ಲಿ ಬೆಳಕಿಗೆ ಬಂದವು. ಅಲ್ಲಿನ ಕಡಲತೀರದ ಮರಳು, ಈಜಿಪ್ಟಿನಿಂದ ಬಂದ ನೇಟ್ರಾನ್ ಎಂಬ ಕ್ಷಾರ, ಮರಳಿನಲ್ಲೇ ಬೆರೆತ ಚಿಪ್ಪಿನ ಸುಣ್ಣ, ಇಷ್ಟೇ ಸಾಮಗ್ರಿ.

ಇಷ್ಟು ಹೇರಳವಾಗಿ ತಯಾರಾದದ್ದು ಇಂದಿಗೂ ಹೇರಳವಾಗಿ ಸಿಗುವುದರಲ್ಲಿ ಆಶ್ಚರ್ಯವೇನಿದೆ ಎಂದು ವ್ಯಾಪಾರಿಗಳು ಹೇಳುತ್ತಾರೆ. ಆದರೆ ಒಂದು ವಿಚಾರವನ್ನು ಬಿಟ್ಟುಬಿಡುತ್ತಾರೆ. ಮನೆಬಳಕೆಯ ಗಾಜು ಒಡೆಯುತ್ತದೆ, ಒಡೆದದ್ದು ಮತ್ತೆ ಕುಲುಮೆಗೆ ಹೋಗುತ್ತದೆ. ರೋಮಿನ ಬೀದಿಗಳಲ್ಲಿ ಗಂಧಕ ಹಚ್ಚಿದ ಕಡ್ಡಿ ಕೊಟ್ಟು ಒಡಕು ಗಾಜು ಒಯ್ಯುವವರು ತಿರುಗುತ್ತಿದ್ದರೆಂದು ಕವಿ ಮಾರ್ಷಿಯಲ್ ಹೇಳುತ್ತಾನೆ; ನಮ್ಮಲ್ಲಿ ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬರುತ್ತಿದ್ದರಲ್ಲ, ಹಾಗೆ. ಇಟಲಿಯ ಗ್ರಾದೋ ಬಳಿ ಕಡಲಲ್ಲಿ 1986ರಲ್ಲಿ ಪತ್ತೆಯಾದ ಯೂಲಿಯಾ ಫೆಲಿಕ್ಸ್ ಎಂಬ ಮುಳುಗಿದ ಹಡಗಿನಲ್ಲಿ ಒಂದು ಪೀಪಾಯಿಯ ತುಂಬ ಗಾಜಿನ ಚೂರುಗಳಿದ್ದವು, ಸುಮಾರು 11,000. ಅವೂ ಕರಗಿಸಲು ಹೊರಟ ಗುಜರಿಯೇ.

ಹಾಗಾದರೆ ಒಂದು ಬಿರುಕೂ ಇಲ್ಲದೆ ಎರಡು ಸಾವಿರ ವರ್ಷ ಉಳಿದು ಬಂದ ಕುಪ್ಪಿ ಎಲ್ಲಿತ್ತು? ಹೆಚ್ಚಿನ ಪಾಲು ಗೋರಿಯಲ್ಲಿ. ಸತ್ತವರ ಜೊತೆ ಎಣ್ಣೆ, ಸುಗಂಧ, ಪಾನೀಯಗಳನ್ನು ಇಡುವ ರೂಢಿ ರೋಮನ್ ಸಾಮ್ರಾಜ್ಯದ ಉದ್ದಗಲಕ್ಕೂ ಇತ್ತು. ಆ ಕತ್ತಲಲ್ಲಿ, ಯಾರ ಕೈಯೂ ತಾಗದೆ ಇದ್ದುದರಿಂದಲೇ ಅವು ಉಳಿದವು. ಕಪಾಟಿನಲ್ಲಿರುವ ಒಂದು ಇಡೀ ಪಾತ್ರೆಯ ಹಿಂದೆ ಬಹುಮಟ್ಟಿಗೆ ಒಂದು ತೆರೆದ ಗೋರಿ ಇದೆ. ಅದನ್ನು ತೆರೆದವರು ಪುರಾತತ್ವಜ್ಞರೋ ಗುದ್ದಲಿ ಹಿಡಿದ ಕಳ್ಳರೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸರಿಯಾದ ಕೈ ತೆರೆದರೆ ಏನೆಲ್ಲ ಸಿಗುತ್ತದೆ ಎಂಬುದಕ್ಕೆ ಸ್ಪೇನಿನ ಕಾರ್ಮೋನ ಊರಿನ ಒಂದು ಗೋರಿಯನ್ನು ನೋಡಬೇಕು. 2019ರಲ್ಲಿ ಒಂದು ಕುಟುಂಬ ತನ್ನ ಮನೆಯ ಕಟ್ಟಡ ಕೆಲಸ ನಡೆಸುತ್ತಿದ್ದಾಗ ನೆಲದಡಿ ಕೋಣೆಯೊಂದು ಕಾಣಿಸಿತು. ಮುಚ್ಚಿಡದೆ ಅಧಿಕಾರಿಗಳಿಗೆ ತಿಳಿಸಿದರು. ಒಳಗೆ ಗೋಡೆಗೂಡುಗಳಲ್ಲಿ ಅಸ್ಥಿಪಾತ್ರೆಗಳು, ಎರಡು ಸಾವಿರ ವರ್ಷಗಳಿಂದ ಯಾರೂ ಮುಟ್ಟದವು. ಒಂದರಲ್ಲಿ ಸೀಸದ ಹೊರಕವಚದೊಳಗೆ ದೊಡ್ಡ ಗಾಜಿನ ಭರಣಿ. ಭರಣಿಯಲ್ಲಿ ಒಬ್ಬ ಪುರುಷನ ಸುಟ್ಟ ಮೂಳೆಗಳು, ಒಂದು ಚಿನ್ನದ ಉಂಗುರ, ಮತ್ತು ಸುಮಾರು ಐದು ಲೀಟರ್ ಕೆಂಗಂದು ದ್ರವ. ಕಾರ್ದೋಬ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು: ಅದು ದ್ರಾಕ್ಷಾರಸ, ಅದೂ ಮೂಲತಃ ಬಿಳಿಯದು. ದ್ರವರೂಪದಲ್ಲೇ ಉಳಿದ ದ್ರಾಕ್ಷಾರಸಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದೆಂದು ಅವರು ಗುರುತಿಸಿದರು. ಅಲ್ಲಿಯವರೆಗೆ ಆ ಹೆಸರು ಜರ್ಮನಿಯ ಸ್ಪೈಯರ್‌ನಲ್ಲಿ 1867ರಲ್ಲಿ ಸಿಕ್ಕಿದ 4ನೇ ಶತಮಾನದ ಗಾಜಿನ ಶೀಶೆಯದಾಗಿತ್ತು. ಅದೂ ಗೋರಿಯಿಂದಲೇ ಬಂದದ್ದು.

ಅದೇ ಕೋಣೆಯ ಇನ್ನೊಂದು ಪಾತ್ರೆಯಲ್ಲಿ ಮಹಿಳೆಯೊಬ್ಬಳ ಅಸ್ಥಿ ಇತ್ತು. ಜೊತೆಗೆ ಸ್ಫಟಿಕದಲ್ಲಿ ಕೊರೆದ ಪುಟ್ಟ ಸುಗಂಧದ ಕುಪ್ಪಿ. ಬಾಯಿಗೆ ಕಲ್ಲಿನ ಬಿರಡೆ, ಅದರ ಸುತ್ತ ಡಾಂಬರಿನಂಥ ಅಂಟು. ಬಿಗಿಯಾಗಿ ಮುಚ್ಚಿದ್ದರಿಂದ ಒಳಗಿನ ಗಟ್ಟಿ ಉಳಿಕೆ ಹಾಗೇ ಇತ್ತು. ವಿಶ್ಲೇಷಿಸಿದಾಗ ಅದರಲ್ಲಿ ಪಚೌಲಿ ಎಣ್ಣೆ ಕಂಡಿತು. ನಮ್ಮ ಹೂವಾಡಗಿತ್ತಿಯರು ಮಾಲೆಗೆ ಸೇರಿಸುವ ಪಚ್ಚೆತೆನೆಯ ಕುಲಕ್ಕೆ ಸೇರಿದ, ಭಾರತ ಮತ್ತು ಆಗ್ನೇಯ ಏಷ್ಯಾ ಕಡೆಯ ಗಿಡ ಅದು. ಮೊದಲ ಶತಮಾನದ ಸ್ಪೇನಿನ ಹೆಂಗಸೊಬ್ಬಳು ಯಾವ ಸುಗಂಧ ಹಚ್ಚಿಕೊಳ್ಳುತ್ತಿದ್ದಳು, ಅದು ಎಷ್ಟು ದೂರದಿಂದ ಬಂತು ಎಂಬುದು ತಿಳಿದದ್ದು ಹೀಗೆ. ಅದೇ ಕುಪ್ಪಿಯನ್ನು ಕಳ್ಳನೊಬ್ಬ ಕಿತ್ತಿದ್ದರೆ? ಬಿರಡೆ ತೆಗೆದು, ನೀರಲ್ಲಿ ತೊಳೆದು, ಹೊಳಪು ಬರುವಂತೆ ಉಜ್ಜಿ ಮಾರುತ್ತಿದ್ದ. ಕೊಳ್ಳುವವರಿಗೆ ಶುಭ್ರವಾದ ಪಾತ್ರೆಯೇ ಬೇಕಲ್ಲವೇ? 19ನೇ ಶತಮಾನದ ಸಂಗ್ರಹಕಾರರು ಇಂಥ ಉದ್ದ ಕತ್ತಿನ ಕುಪ್ಪಿಗಳಲ್ಲಿ ಸತ್ತವರಿಗಾಗಿ ಅತ್ತವರ ಕಣ್ಣೀರು ತುಂಬಿಡುತ್ತಿದ್ದರೆಂದು ನಂಬಿದ್ದರು. ಒಳಗೆ ಉಳಿದ ಎಣ್ಣೆ, ಸುಗಂಧಗಳ ಪರೀಕ್ಷೆ ಆ ನಂಬಿಕೆಗೆ ತೆರೆ ಎಳೆಯಿತು.

ಇನ್ನೊಂದು ಪಾತ್ರೆ ಕೊರಿಯಾದಲ್ಲಿದೆ. ಅಲ್ಲಿನ ಗ್ಯೋಂಗ್ಜುವಿನ ಹ್ವಾಂಗ್ನಾಮ್ ದೇಚೊಂಗ್ ಎಂಬ ಬೃಹತ್ ರಾಜಸಮಾಧಿಯನ್ನು 1973ರಿಂದ 1975ರವರೆಗೆ ಅಗೆದಾಗ, ಶಿಲ್ಲಾ ಅರಸರ ಬಂಗಾರದ ನಡುವೆ ಹಕ್ಕಿಯ ಕೊಕ್ಕಿನಂಥ ಬಾಯುಳ್ಳ ಗಾಜಿನ ಹೂಜಿಯೊಂದು ಸಿಕ್ಕಿತು. ಮೆಡಿಟರೇನಿಯನ್ ಕಡೆಯದೆಂದು ವಿದ್ವಾಂಸರು ಗುರುತಿಸುವ ಆ ಹೂಜಿಯ ನೀಲಿ ಹಿಡಿ ಎಂದೋ ಮುರಿದಿತ್ತು. ಮುರಿದ ಹಿಡಿಗೆ ಯಾರೋ ಚಿನ್ನದ ತಂತಿ ಸುತ್ತಿ ರಿಪೇರಿ ಮಾಡಿದ್ದರು. ರೋಮಿನಲ್ಲಿ ಕಾಸಿಗೆ ಸಿಗುತ್ತಿದ್ದ ಜಾತಿಯ ವಸ್ತು ಸಾವಿರಾರು ಮೈಲಿ ದಾಟಿ 5ನೇ ಶತಮಾನದ ಕೊರಿಯಾ ತಲುಪುವ ಹೊತ್ತಿಗೆ ಬಂಗಾರ ಕೊಟ್ಟು ಉಳಿಸಿಕೊಳ್ಳುವಷ್ಟು ಅಮೂಲ್ಯವಾಗಿತ್ತು. ಅದು ಇಂದು ಕೊರಿಯಾದ ರಾಷ್ಟ್ರೀಯ ನಿಧಿ. ಹರಾಜಿನಲ್ಲಿ ಬಂದಿದ್ದರೆ ಅದೇ ಹೂಜಿಯನ್ನು ಹಿಡಿ ದುರಸ್ತಿಯಾದ ಮಾಲು ಎಂದು ನಮೂದಿಸಿ ಬೆಲೆ ಇಳಿಸುತ್ತಿದ್ದರು.

ಇದೆಲ್ಲ ದೂರದ ಸಂಗತಿ, ಕರ್ನಾಟಕಕ್ಕೇನು ಎನ್ನುವಂತಿಲ್ಲ. ಕನ್ನಡ ನಾಡಿನ ಪ್ರಾಚೀನ ಚರಿತ್ರೆಗೆ ಕಾಲದ ಚೌಕಟ್ಟು ಸಿಕ್ಕಿದ್ದರಲ್ಲಿ ರೋಮನ್ ಚೂರುಗಳ ಪಾತ್ರ ದೊಡ್ಡದು. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯ ಅರೆಟ್ಸೊ ಊರಿನ ಮಣ್ಣಿನ ಪಾತ್ರೆಗಳ ಚೂರುಗಳು ಸಿಕ್ಕವು, ರೋಮನ್ ಗಾಜಿನ ತುಂಡುಗಳೂ ಸಿಕ್ಕವು. ಅರೆಟ್ಸೊ ಪಾತ್ರೆಗಳ ಕಾಲ ಗೊತ್ತಿತ್ತು. ಅವುಗಳ ಜೊತೆಯಲ್ಲೇ, ಒಳತಳದಲ್ಲಿ ಚುಕ್ಕೆಸಾಲಿನ ವೃತ್ತಗಳಿದ್ದ ಒಂದು ಬಗೆಯ ನಯವಾದ ತಟ್ಟೆಗಳ ಚೂರುಗಳಿದ್ದವು. ಎರಡು ವರ್ಷದ ಮೇಲೆ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದರು. ಅದೇ ಚುಕ್ಕೆಸಾಲಿನ ಚೂರುಗಳು ಅಲ್ಲಿನ ಪದರಗಳಲ್ಲೂ ಕಂಡವು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯವೂ ಇತ್ತು. ಆ ಪದರಗಳನ್ನು ಹಿಡಿದು ಬೃಹತ್ ಶಿಲಾಸಮಾಧಿಗಳ ಜನ ಯಾವ ಕಾಲದವರು, ಅವರ ಹಿಂದೆ ಮುಂದೆ ಯಾರಿದ್ದರು ಎಂಬ ಕ್ರಮ ಕಟ್ಟಲಾಯಿತು. ಮುಂದಿನ ವಿದ್ವಾಂಸರು ವೀಲರ್ ಹೇಳಿದ ಕಾಲವನ್ನು ತಿದ್ದಿದ್ದೂ ಉಂಟು. ಯಾವ ಚೂರು ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದಲೇ ತಿದ್ದಲು ಸಾಧ್ಯವಾಯಿತು. ಆ ಚೂರುಗಳನ್ನು ಯಾರಾದರೂ ಮೊದಲೇ ಆಯ್ದು ಮಾರಿದ್ದರೆ ಬ್ರಹ್ಮಗಿರಿಯ ಪದರಗಳಿಗೆ ಆಧಾರವೇ ಇರುತ್ತಿರಲಿಲ್ಲ.

ಕೇರಳದ ಪಟ್ಟಣಂನಲ್ಲಿ 2007ರಿಂದ ನಡೆದ ಉತ್ಖನನದಲ್ಲೂ ಹೊರಮೈಯಲ್ಲಿ ಏಣುಗಳಿರುವ ರೋಮನ್ ಗಾಜಿನ ಬಟ್ಟಲುಗಳ ಚೂರುಗಳು ದೊರೆತವು. ಪಟ್ಟಣಂ ಇರುವಲ್ಲೇ ಇತ್ತೆಂದು ಹಲವು ವಿದ್ವಾಂಸರು ಹೇಳುವ ಮಲಬಾರಿನ ಮುಜಿರಿಸ್ ಬಂದರಿಗೆ ಕಚ್ಚಾ ಗಾಜು ಬರುತ್ತಿತ್ತೆಂದು 1ನೇ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ಪೆರಿಪ್ಲಸ್ ದಾಖಲಿಸಿದೆ. ಅಂಗಡಿಯಲ್ಲಿ ಯಾರೂ ಕಾಸು ಕೊಡದ ಈ ಚೂರುಗಳು ಆ ಬರಹಕ್ಕೆ ನೆಲದ ಸಾಕ್ಷಿ ಒದಗಿಸುತ್ತವೆ.

ಸಂಗ್ರಹಕಾರರ ಪರವಾಗಿ ಹೇಳಬೇಕಾದದ್ದೂ ಬಹಳವಿದೆ. ಬ್ರಿಟಿಷ್ ಮ್ಯೂಸಿಯಂನ ಗಾಜಿನ ಸಂಗ್ರಹ ಶ್ರೀಮಂತವಾದದ್ದು 1868ರಲ್ಲಿ ತೀರಿಕೊಂಡ ಫೀಲಿಕ್ಸ್ ಸ್ಲೇಡ್ ತನ್ನ ಪಾತ್ರೆಗಳನ್ನೆಲ್ಲ ಅದಕ್ಕೆ ಬರೆದುಕೊಟ್ಟಿದ್ದರಿಂದ. ಅಮೆರಿಕದ ಟೊಲೀಡೊ ಮ್ಯೂಸಿಯಂನ ರೋಮನ್ ಗಾಜಿನ ಹಿಂದೆ ಗಾಜಿನ ಉದ್ಯಮಿ ಎಡ್ವರ್ಡ್ ಲಿಬ್ಬಿಯ ಔದಾರ್ಯವಿದೆ. ರೇ ವಿನ್‌ಫೀಲ್ಡ್ ಸ್ಮಿತ್ ಎಂಬ ಅಮೆರಿಕನ್ ಸಂಗ್ರಹಕಾರನಂತೂ ಪ್ರಾಚೀನ ಗಾಜನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿದ. ಬ್ರೂಕ್‌ಹೇವನ್ ಪ್ರಯೋಗಾಲಯದ ಎಡ್ವರ್ಡ್ ಸೇರ್ ಜೊತೆ ಆತ 1961ರಲ್ಲಿ ಪ್ರಕಟಿಸಿದ ಲೇಖನ, ಪ್ರಾಚೀನ ಗಾಜನ್ನು ಅದರ ಘಟಕಗಳ ಆಧಾರದ ಮೇಲೆ ಗುಂಪುಗಳಾಗಿ ವಿಂಗಡಿಸುವ ಅಧ್ಯಯನಕ್ಕೆ ಬುನಾದಿಯಾಯಿತು. ಇವರ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಇವರು ಕೊಂಡ ಕಾಲದಲ್ಲಿ ಇಂದಿನ ಕಾನೂನುಗಳೂ ಇರಲಿಲ್ಲ, ನೆಲದ ಪದರಗಳ ಬೆಲೆಯೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಈಗ ಎರಡೂ ಇವೆ. ಸಾಂಸ್ಕೃತಿಕ ಸೊತ್ತಿನ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದ 1970ರಲ್ಲೇ ಆಗಿದೆ. ಆದರೂ ಸಿರಿಯಾದ ಅಪಮಿಯದಲ್ಲಿ ಏನಾಯಿತು? ಅಂತರ್ಯುದ್ಧ ಶುರುವಾದ ಹೊಸತರಲ್ಲಿ, 2011 ಮತ್ತು 2012ರ ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯದರಲ್ಲಿ ಬಯಲಾಗಿದ್ದ ರೋಮನ್ ನಗರದ ನೆಲದ ತುಂಬ ಎರಡನೆಯದರಲ್ಲಿ ಸಾವಿರಾರು ಗುಂಡಿಗಳು. ಆ ಗುಂಡಿಗಳಿಂದ ಹೊರಬಿದ್ದದ್ದು ಎಲ್ಲಿಗೆ ಹೋಯಿತೆಂದು ಪಟ್ಟಿ ಮಾಡಿದವರಿಲ್ಲ. ಸಿರಿಯಾದ ಪ್ರಾಚ್ಯವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಫೆಬ್ರವರಿಯಲ್ಲಿ ನಿಷೇಧಿಸಿತು. ದೊಡ್ಡ ವಿಗ್ರಹವನ್ನಾದರೂ ಪತ್ತೆ ಹಚ್ಚಬಹುದು. ಒಂದೇ ಬಗೆಯಲ್ಲಿ ಲಕ್ಷಾಂತರ ತಯಾರಾದ, ಜೇಬಿನಲ್ಲಿ ಹಿಡಿಸುವ ಕುಪ್ಪಿಯನ್ನು ಹೇಗೆ ಗುರುತಿಸುವುದು? ಸಿರಿಯಾದ್ದೋ ಲೆಬನಾನಿನದೋ ಎಂದು ನೋಟದಿಂದ ಹೇಳಲಾಗದು. ಯಾವುದೋ ಹಳೆಯ ಯುರೋಪಿಯನ್ ಸಂಗ್ರಹದ್ದು ಎಂಬ ಒಂದು ಸಾಲು ಬರೆದರೆ ವ್ಯಾಪಾರ ನಡೆದುಹೋಗುತ್ತದೆ.

ಇಸ್ರೇಲಿನ ಅನುಭವವನ್ನೂ ನೋಡಿ. ಅಲ್ಲಿನ 1978ರ ಕಾನೂನಿನ ಪ್ರಕಾರ ಆಮೇಲೆ ನೆಲದಿಂದ ಸಿಕ್ಕಿದ್ದೆಲ್ಲ ಸರ್ಕಾರದ್ದು. ಅದಕ್ಕೂ ಮೊದಲಿನಿಂದ ಕೈಯಲ್ಲಿದ್ದುದನ್ನು ಪರವಾನಗಿ ಪಡೆದ ವ್ಯಾಪಾರಿಗಳು ಮಾರಬಹುದು. ಈ ಬಿರುಕಿನಲ್ಲೇ ಕಳ್ಳಮಾಲು ನುಸುಳಿತು. ಹಳೆಯ ಕುಪ್ಪಿಯೊಂದನ್ನು ಪ್ರವಾಸಿಗೆ ಮಾರಿ, ದಾಸ್ತಾನು ಪುಸ್ತಕದಲ್ಲಿದ್ದ ಅದರ ಸಂಖ್ಯೆಯನ್ನು ಹೊಸದಾಗಿ ಕದ್ದು ತಂದ ಅದೇ ಬಗೆಯ ಕುಪ್ಪಿಗೆ ಹಚ್ಚುವುದು. ಕಾಗದದ ಮೇಲೆ ಎಲ್ಲವೂ ಸರಿ. ಇದನ್ನು ತಡೆಯಲೆಂದೇ 2016ರಲ್ಲಿ ಪ್ರತಿ ವಸ್ತುವನ್ನೂ ಚಿತ್ರಸಮೇತ ಕಂಪ್ಯೂಟರ್ ದಾಖಲೆಗೆ ಸೇರಿಸುವ ನಿಯಮ ಬಂತು. ಒಂದೇ ಥರ ಕಾಣುವ ಗಾಜಿನ ಕುಪ್ಪಿಗಳು ಈ ಆಟಕ್ಕೆ ಹೇಳಿ ಮಾಡಿಸಿದಂತಿದ್ದವು.

ಒಂದು ವಸ್ತುವಿನ ಇತಿಹಾಸ ಚೆನ್ನಾಗಿ ಗೊತ್ತಿದ್ದರೆ ಅದರ ಬೆಲೆಯೂ ಏರುತ್ತದೆ ಎಂಬುದನ್ನು ಸಂಗ್ರಹಕಾರರು ಮರೆಯಬಾರದು. ಪ್ರಸಿದ್ಧ ಸಂಗ್ರಹಗಳ ಮೂಲಕ ಹಾದುಬಂದ ಕಾನ್‌ಸ್ಟೆಬಲ್ ಮ್ಯಾಕ್ಸ್‌ವೆಲ್ ಬಟ್ಟಲು, ಜಾಲರಿ ಕೆತ್ತನೆಯ ರೋಮನ್ ಗಾಜು, 2004ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 26 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ದಾಖಲೆಯಿಲ್ಲದ ಮಾಲಿನಲ್ಲಿ ಮೋಸಕ್ಕೂ ಕೊನೆಯಿಲ್ಲ. ಒಂದರ ಕತ್ತಿಗೆ ಇನ್ನೊಂದರ ಹೊಟ್ಟೆ ಅಂಟಿಸಿ, ಸಂದುಗಳಿಗೆ ರಾಳ ತುಂಬಿ, ಮೇಲೆ ಮಣ್ಣು ಮೆತ್ತಿ ಮಾರುವವರಿದ್ದಾರೆ. ಹೊಸ ಗಾಜಿಗೆ ಆಮ್ಲ ಹಾಕಿ ಹಳೆಯ ಬಣ್ಣ ಬರಿಸುವವರಿದ್ದಾರೆ.

ಯುರೋಪಿಯನ್ ಒಕ್ಕೂಟ ಈಚೆಗೆ ಸರಿಯಾದ ಹೆಜ್ಜೆ ಇಟ್ಟಿದೆ. 2019ರ ನಿಯಮಾವಳಿಯಂತೆ, ಹೊರದೇಶಗಳ ಉತ್ಖನನಗಳಿಂದ ಬಂದ 250 ವರ್ಷಕ್ಕೂ ಹಳೆಯ ವಸ್ತುಗಳನ್ನು ಒಳತರಲು, ಬೆಲೆ ಎಷ್ಟೇ ಕಡಿಮೆಯಿರಲಿ, 2025ರ ಜೂನ್ 28ರಿಂದ ಪರವಾನಗಿ ಬೇಕು. ಬೆಲೆಯ ಮಿತಿ ಇಡದಿರುವುದೇ ಇಲ್ಲಿ ಮುಖ್ಯ. ಸಣ್ಣ ವ್ಯಾಪಾರಿಗಳಿಗೆ ಇದು ಹೊರೆ ಎಂಬ ದೂರಿದೆ. ಆ ಹೊರೆ ನ್ಯಾಯವಾದದ್ದೇ, ಗೋರಿ ಅಗೆಯುವವರ ಮಾಲು ಹೆಚ್ಚಾಗಿ ಸಣ್ಣ ಬೆಲೆಯದೇ ಆಗಿರುತ್ತದೆ. ಬೇರೆ ದೇಶಗಳೂ ಇದೇ ದಾರಿ ಹಿಡಿಯಬೇಕು, ಆನ್‌ಲೈನ್ ಹರಾಜು ತಾಣಗಳು ದಾಖಲೆಯ ಪ್ರತಿಯನ್ನು ವಸ್ತುವಿನ ಚಿತ್ರದ ಪಕ್ಕದಲ್ಲೇ ಹಾಕುವಂತೆ ಕಡ್ಡಾಯ ಮಾಡಬೇಕು.

ರೋಮನ್ ಗಾಜನ್ನು ಪ್ರೀತಿಸುವವರಿಗೆ ದಾರಿಗಳು ಮುಚ್ಚಿಲ್ಲ. ಇಂಗ್ಲೆಂಡಿನ ಮಾರ್ಕ್ ಟೇಲರ್ ಮತ್ತು ಡೇವಿಡ್ ಹಿಲ್ ರೋಮನ್ ಮಾದರಿಯ ಸೌದೆ ಕುಲುಮೆಗಳನ್ನು ಕಟ್ಟಿ, ಆ ಕಾಲದ ವಿಧಾನದಲ್ಲೇ ಊದಿ ತೋರಿಸಿದ್ದಾರೆ. ಅಂಥ ಪ್ರತಿಕೃತಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಕುಡಿದು ನೋಡಬಹುದು. ಹಳೆಯದೇ ಬೇಕೆಂದರೆ, 1970ಕ್ಕೂ ಮೊದಲು ಯಾರ ಬಳಿ ಇತ್ತೆಂಬ ಛಾಯಾಚಿತ್ರವೋ ರಸೀದಿಯೋ ಹಳೆಯ ಹರಾಜು ಪಟ್ಟಿಯೋ ಇರುವುದನ್ನು ಮಾತ್ರ ಕೊಳ್ಳಬೇಕು. ಅದು ಯಾವ ದೇಶದಿಂದ ಹೊರಬಂತು, ರಫ್ತಿನ ಅನುಮತಿ ಪತ್ರ ಎಲ್ಲಿದೆ ಎಂದು ಬರಹದಲ್ಲಿ ಕೇಳಬೇಕು. ಜೆರುಸಲೇಮಿನ ಅಂಗಡಿಯಲ್ಲಿ ಕೊಳ್ಳುವ ಯಾತ್ರಿಕರೂ ಅಷ್ಟೇ. ಪ್ರಾಚ್ಯವಸ್ತುವನ್ನು ದೇಶದಿಂದ ಹೊರಗೊಯ್ಯಲು ಅಲ್ಲಿನ ಪ್ರಾಚ್ಯವಸ್ತು ಪ್ರಾಧಿಕಾರದ ಅನುಮತಿ ಬೇಕೇ ಬೇಕು. ಮಾರುವವರು ಆ ಕಾಗದ ತೋರಿಸಲು ಹಿಂದೆಗೆದರೆ ಕುಪ್ಪಿಯನ್ನು ಅಲ್ಲೇ ಇಟ್ಟು ಬರಬೇಕು.